ಗಾಜಿನ ಮೇಲಿನ ವಿಭೂತಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನಿಮಗೆಲ್ಲ ಬಹಳ ಸಮಾಧಾನ. ಯಾಕೆ ಹೇಳಿ? ಶ್ರೀಮಂತನ ಕಥೆ ಎಂದ ಮೇಲೆ ಬೈಗುಳವೆಲ್ಲ ಅವನಿಗೆ. ನಾವು ಆರಾಮಾಗಿ ಕುಳಿತು ತಲೆ ಆಡಿಸಬಹುದು. ಅದಕ್ಕೇ ಇವತ್ತು ಶ್ರೀಮಂತ ಬೇಡ. ಇವತ್ತಿನ ಕಥೆಯವನ ಹತ್ತಿರ ಇದ್ದದ್ದು ಒಂದು ಮೋಟರ್‌ಸೈಕಲ್ಲು. ಅದು ನಿಮ್ಮ ಹತ್ತಿರವೂ ಇದೆ. ಹೊರಗೆ ಮಠದ ಅಂಗಳದಲ್ಲಿ ಸಾಲಾಗಿ ನಿಂತಿವೆ, ನಾನು ಬರುವಾಗ ನೋಡಿಕೊಂಡೇ ಬಂದೆ. ಹಾಗಾಗಿ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ.

ಒಂದೂರಲ್ಲಿ ಒಬ್ಬ ಕಂಪೌಂಡರ್ ಇದ್ದ. ಮನುಷ್ಯರ ಆಸ್ಪತ್ರೆಯವನಲ್ಲ, ದನಗಳ ಆಸ್ಪತ್ರೆಯವನು. ಗುರುಶಾಂತಪ್ಪ ಎನ್ನೋಣ. ನಿಜವಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನು ಯಾರ ಪೈಕಿ, ಯಾರ ಅಳಿಯ ಎಂದು ಹುಡುಕುತ್ತ ಕೂರುತ್ತೀರಿ. ಕಥೆಯಲ್ಲಿ ಬರುವ ಉಳಿದ ಹೆಸರುಗಳೂ ನಾನು ಇಟ್ಟವೇ.

ಈ ಗುರುಶಾಂತಪ್ಪ ಒಳ್ಳೆಯ ಮನುಷ್ಯ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ಐದು ದಿನ ಸುತ್ತಲಿನ ಹದಿನಾಲ್ಕು ಹಳ್ಳಿಯ ದನಕರುಗಳಿಗೆ ಇವನೇ ಡಾಕ್ಟರು. ಹಸು, ಎಮ್ಮೆಗಳು ಹಗಲು ಹೊತ್ತು ನೋಡಿಕೊಂಡು ಈಯುತ್ತವೆಯೇ? ಇಲ್ಲ. ಅವಕ್ಕೆ ಹೊತ್ತು ಮುಳುಗಿದ ಮೇಲೇ ನೋವು ಬರುವುದು. ಫೋನು ಬಂದರೆ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಹೊರಡುತ್ತಿದ್ದ. ಬರುವುದಿಲ್ಲ ಎಂದು ಒಬ್ಬರಿಗೂ ಹೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ತಪ್ಪು ಹೇಳುವವನಿದ್ದೇನೆ. ತಪ್ಪು ಮಾಡುವವರು ಕೆಟ್ಟವರೇ ಆಗಿರಬೇಕು ಎಂದು ನಾವು ತಿಳಿದಿದ್ದೇವೆ. ಅಲ್ಲ. ಬಹಳ ಸಲ ಭಕ್ತಿ ಇದ್ದವರೇ ಮಾಡುತ್ತಾರೆ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಆಯುಧ ಪೂಜೆಯ ದಿನ ಎಲ್ಲರೂ ಗಾಡಿ ತೊಳೆದು ಮಠದ ಅಂಗಳಕ್ಕೆ ತರುತ್ತಿದ್ದರು. ಅಲ್ಲಿಯ ಸ್ವಾಮಿಗಳು ಬಂದು ಒಂದೊಂದು ಗಾಡಿಯ ಹಣೆಗೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಈಗ ಹೇಳಿ, ಮೋಟರ್‌ಸೈಕಲ್ಲಿನ ಹಣೆ ಯಾವುದು? ಹೆಡ್‌ಲೈಟೇ ತಾನೇ? ಸರಿ, ಅದರ ಗಾಜಿನ ಮೇಲೆ ಮೂರು ಪಟ್ಟೆ, ನಡುವೆ ಕುಂಕುಮ. ಒಣ ವಿಭೂತಿ ಗಾಳಿಗೆ ಹಾರಿ ಹೋಗುತ್ತದೆಂದು ಮಠದಲ್ಲಿ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಟ್ಟಿರುತ್ತಿದ್ದರು.

ಗುರುಶಾಂತಪ್ಪ ಹೊಸ ಗಾಡಿ ತಂದ ವರ್ಷ ವಿಭೂತಿ ಹಚ್ಚಿಸಿಕೊಂಡು ಕೈ ಮುಗಿದು ಕೇಳಿದ:

"ಅಜ್ಜಾರ, ಇದನ್ನ ಯಾವಾಗ ಒರೆಸ್ಬೇಕ್ರಿ?"

ಸ್ವಾಮಿಗಳು ಮುಂದಿನ ಗಾಡಿಯ ಕಡೆ ನಡೆಯುತ್ತಲೇ ಅಂದರು: "ಒರೆಸಬಾರದು ತಮ್ಮಾ. ಅದು ನಿನ್ನ ಕಾಯ್ತದ."

ಮುಗಿಯಿತು. ಗುರುವಿನ ಮಾತು. ಗುರುಶಾಂತಪ್ಪ ಒರೆಸಲಿಲ್ಲ.

ಎಷ್ಟು ದಿನ ಒರೆಸಲಿಲ್ಲ ಅಂತೀರಿ? ಐದು ವರ್ಷ! ಗಾಡಿ ತೊಳೆಯುವಾಗ ಚಕ್ರ, ಟ್ಯಾಂಕು, ಸೀಟು ಎಲ್ಲ ತಿಕ್ಕುತ್ತಿದ್ದ. ಹೆಡ್‌ಲೈಟಿನ ಹತ್ತಿರ ಬಂದ ಕೂಡಲೇ ನೀರಿನ ಚೊಂಬು ಅತ್ತ ಸರಿಯುತ್ತಿತ್ತು. ಮಳೆ ಬಂದರೆ ಡಿಕ್ಕಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಹೆಡ್‌ಲೈಟಿಗೆ ಕಟ್ಟುತ್ತಿದ್ದ. ಅವನ ಹೆಂಡತಿ ಒಮ್ಮೆ ನಕ್ಕು ಅಂದಿದ್ದಳಂತೆ: "ನೀವು ತೊಯ್ಸಿಕೊಂಡು ಬರ್ತೀರಿ, ದೀಪಕ್ಕ ಕೊಪ್ಪಿ ಹೊದಿಸ್ಕೊಂಡು ಬರ್ತೀರಿ!" ನಗಬೇಡಿ. ನೀವು ನಿಮ್ಮ ಗಾಡಿ ನೋಡಿಕೊಂಡು ಆಮೇಲೆ ನಗಿ. ವರ್ಷ ವರ್ಷವೂ ಹಳೆಯ ಪಟ್ಟೆಯ ಮೇಲೆ ಹೊಸ ಪಟ್ಟೆ. ಎಣ್ಣೆಗೆ ರಸ್ತೆಯ ಧೂಳು ಅಂಟಿತು, ಧೂಳಿನ ಮೇಲೆ ಕುಂಕುಮ ಕೂತಿತು, ಒಳಗಿನ ಬಲ್ಬಿನ ಕಾವಿಗೆ ಅದೆಲ್ಲ ಬೆಂದು ಹೆಂಚಿನ ಮೇಲೆ ಕರಕಲಾದ ಹಿಟ್ಟಿನಂತೆ ಗಟ್ಟಿಯಾಯಿತು.

ಮೂರನೇ ವರ್ಷದ ಹೊತ್ತಿಗೆ ಗುರುಶಾಂತಪ್ಪನಿಗೆ ಕತ್ತಲಲ್ಲಿ ದಾರಿ ಕಾಣದಾಯಿತು. ಮೊದಲು ಕಣ್ಣಿನ ಮೇಲೆ ಅನುಮಾನ. ಕಣ್ಣಿನ ಡಾಕ್ಟರ ಹತ್ತಿರ ಹೋದ. ಕಣ್ಣು ಚೆನ್ನಾಗಿದೆ ಎಂದರು. ಹಾಗಾದರೆ ಬಲ್ಬು ಚೆನ್ನಾಗಿಲ್ಲ. ಹೋದ ಮೆಕ್ಯಾನಿಕ್ ಹತ್ತಿರ.

ಆ ಮೆಕ್ಯಾನಿಕ್ ಮಕ್ತುಂಸಾಬ. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ಆ ಊರಿನ ಗಾಡಿಗಳ ನಾಡಿ ಬಲ್ಲವನು ಅವನೊಬ್ಬನೇ. ಹೆಡ್‌ಲೈಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ನೋಡಿದ. ನೋಡಿದ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ಕೈ ಮುಂದೆ ಮಾಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡ.

"ಬಲ್ಬಿಗೆ ಏನೂ ಆಗಿಲ್ರಿ ಡಾಕ್ಟರ್ರ. ಒಂದೀಟು ಗಾಜು ನೋಡ್ರಿ" ಎಂದ.

"ಗಾಜಿಗೇನಾಗೇತಿ? ಅದು ನಮ್ಮ ಅಜ್ಜಾರು ಕೈ ಮುಟ್ಟಿದ್ದು."

"ಹಂಗಲ್ರಿ, ಅದು ನನಗೂ ಗೊತ್ತೈತ್ರಿ. ನೀವ ಮನ್ಯಾಗ ಒಂದು ಹಸಿ ಅರಿವಿ ತೊಗೊಂಡು..."

"ಮಕ್ತುಂಸಾಬ, ನೀ ಬಲ್ಬ್ ಹಾಕೋ ಕೆಲಸ ಮಾಡು. ವಿಭೂತಿ ಸುದ್ದಿ ನಮಗ ಬಿಡು."

ಗುರುಶಾಂತಪ್ಪ ಸಿಟ್ಟಿನಿಂದ ಅಂದದ್ದಲ್ಲ. ಸಹಜವಾಗಿ ಅಂದ. ಆದರೆ ಮಕ್ತುಂಸಾಬ ಆಮೇಲೆ ಗಾಜಿನ ಸುದ್ದಿ ಎತ್ತಲಿಲ್ಲ. ಕೇಳಿದ ಬಲ್ಬು ಹಾಕಿ ಕೊಟ್ಟ.

ಮೂವತ್ತೈದು ವ್ಯಾಟು ಇತ್ತು, ಅರವತ್ತು ಹಾಕಿಸಿದ. ಒಂದು ವಾರ ಪರವಾಗಿಲ್ಲ ಎನ್ನಿಸಿತು. ಬಲ್ಬು ದೊಡ್ಡದಾದರೆ ಕಾವೂ ದೊಡ್ಡದು. ಗಾಜಿನ ಮೇಲಿನ ಹೊದಿಕೆ ಇನ್ನಷ್ಟು ಬೆಂದು ಇನ್ನಷ್ಟು ಕಪ್ಪಾಯಿತು. ತೊಂಬತ್ತು ಹಾಕಿಸಿದ. ಹೋಲ್ಡರ್ ಕರಗಿತು, ವಾಯರು ಸುಟ್ಟ ವಾಸನೆ. ಹೊಸ ವಾಯರು ಎಳೆಸಿ, ಬ್ಯಾಟರಿ ಬದಲಿಸಿ, ಕಡೆಗೆ ಬಿಳಿಯ ಎಲ್‌ಇಡಿ ಹಾಕಿಸಿದ. ಈಗ ಏನಾಯಿತು ಗೊತ್ತೇ? ಬೆಳಕು ದಾರಿಗೆ ಬೀಳಲಿಲ್ಲ, ಗಾಜಿನ ತುಂಬ ಹರಡಿಕೊಂಡಿತು. ಎದುರಿಗೆ ಬಂದವರಿಗೆ ಕಣ್ಣು ಕುಕ್ಕುತ್ತಿತ್ತು, ಇವನಿಗೆ ಮುಂದಿನ ಚಕ್ರದ ಆಚೆ ಏನೂ ಕಾಣುತ್ತಿರಲಿಲ್ಲ. ಎದುರಿನವರು ಬೈದುಕೊಂಡು ಹೋಗುತ್ತಿದ್ದರು. ಇವನು ತನ್ನಷ್ಟಕ್ಕೆ, ಇದೇನಪ್ಪಾ, ಇಷ್ಟು ಬೆಳಕಿದ್ದರೂ ಸಾಲದಲ್ಲ ಎನ್ನುತ್ತಿದ್ದ.

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ಬೆಳಕು ಕಡಿಮೆ ಇತ್ತೇ? ಇರಲಿಲ್ಲ. ಒಳಗೆ ಬೇಕಾದಷ್ಟು ಇತ್ತು. ಮೊದಲ ದಿನದ ಮೂವತ್ತೈದು ವ್ಯಾಟೇ ಸಾಕಿತ್ತು. ಹೊರಗೆ ಬರಲು ದಾರಿ ಇರಲಿಲ್ಲ, ಅಷ್ಟೇ.

ಹೋಗಲಿ, ಅವನ ಗಾಡಿ, ಅವನ ದೀಪ, ನಮಗೇನು ಎನ್ನುವಿರಾ? ನಮಗೇನು ಎನ್ನುವುದನ್ನು ಈಗ ಹೇಳುತ್ತೇನೆ.

ಐದನೆಯ ವರ್ಷ, ದೀಪಾವಳಿ ಮುಗಿದ ವಾರ. ಸಂಜೆ ಏಳರ ಹೊತ್ತು. ಹನ್ನೊಂದು ಕಿಲೋಮೀಟರ್ ಆಚೆಯ ಹಳ್ಳಿಯಿಂದ ಫೋನು:

"ಡಾಕ್ಟರ್ರ, ನಮ್ಮ ಓಣಿ ಫಕೀರವ್ವನ ಎಮ್ಮಿ ಮಧ್ಯಾಹ್ನದಿಂದ ಒದ್ದಾಡಾಕತ್ತೇತ್ರಿ. ಕರಾದ್ದು ಒಂದು ಕಾಲು ಹೊರಗ ಬಂದೇತಿ, ಇನ್ನೊಂದು ಕಾಣವಲ್ದು. ಲಗೂನ ಬರ್ರಿ."

ಫಕೀರವ್ವ ಯಾರು? ಎಪ್ಪತ್ತರ ಹತ್ತಿರದ ಮುದುಕಿ. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಅವಳು, ಆ ಎಮ್ಮೆ. ಎಮ್ಮೆಗೆ ಅದು ಮೊದಲ ಗಬ್ಬ. ಆರು ತಿಂಗಳಿನಿಂದ ಮುದುಕಿ ಬೆಳಗೆದ್ದು ಅದರ ಹೊಟ್ಟೆಯ ಮೇಲೆ ಕೈ ಇಟ್ಟು, ಒಳಗೆ ಅಲುಗಿದರೆ ಮಾತಾಡಿಸಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಕಾಲು ಒಳಗೆ ಮಡಚಿಕೊಂಡಿದ್ದರೆ ಬಲ್ಲವರು ಕೈ ಹಾಕಿ ಬಿಡಿಸಬೇಕು. ತಡವಾದರೆ ಕರು ಉಸಿರುಗಟ್ಟುತ್ತದೆ. ಇನ್ನೂ ತಡವಾದರೆ ತಾಯಿಯೂ ಹೋಗುತ್ತದೆ. ಗುರುಶಾಂತಪ್ಪನಿಗೆ ಇದು ಚೆನ್ನಾಗಿ ಗೊತ್ತು. ಇಪ್ಪತ್ತು ನಿಮಿಷದ ದಾರಿ, ಬಂದೇಬಿಟ್ಟೆ ಎಂದು ಹೊರಟ.

ಇಪ್ಪತ್ತು ನಿಮಿಷ ಹಗಲಿನ ಲೆಕ್ಕ. ಊರು ದಾಟಿದ ಮೇಲೆ ಕತ್ತಲು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಎಲ್ಲೆಂದರಲ್ಲಿ ಜಲ್ಲಿಯ ರಾಶಿ, ಮೋರಿ ಹಾಕಲು ತೋಡಿದ ತಗ್ಗು. ಗುರುಶಾಂತಪ್ಪ ಕಣ್ಣು ಕಿರಿದು ಮಾಡಿ, ತಗ್ಗು ಬಂದಲ್ಲೆಲ್ಲ ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು, ಸೈಕಲ್ಲಿನವರ ವೇಗದಲ್ಲಿ ಹೋದ. ಎದುರಿಗೆ ಗಾಡಿ ಬಂದರೆ ಪೂರ್ತಿ ನಿಲ್ಲಿಸುತ್ತಿದ್ದ. ಹಳ್ಳಿಗೆ ತಿರುಗುವ ಕಡೆ ಕೈಮರ ಕಾಣಲಿಲ್ಲ. ಮುಂದಕ್ಕೆ ಹೋಗಿ ಇಟ್ಟಿಗೆ ಭಟ್ಟಿಯ ಹತ್ತಿರ ದಾರಿ ಮುಗಿದಾಗಲೇ ತಪ್ಪಿದೆ ಎಂದು ಗೊತ್ತಾದದ್ದು. ತಿರುಗಿ ಬಂದ. ಜೇಬಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡಿತು. ತೆಗೆಯಲಿಲ್ಲ. ತೆಗೆದು ಏನು ಹೇಳುವುದು?

ಅವನು ಮುಟ್ಟಿದಾಗ ಎಂಟು ದಾಟಿತ್ತು. ಒಂದು ತಾಸಿನ ಮೇಲಾಗಿತ್ತು.

ಕೊಟ್ಟಿಗೆಯಲ್ಲಿ ಕರೆಂಟು ಇರಲಿಲ್ಲ. ಫಕೀರವ್ವ ಕಂದೀಲು ಹಿಡಿದು ನಿಂತಿದ್ದಳು. ಗುರುಶಾಂತಪ್ಪ ಅಂಗಿ ಬಿಚ್ಚಿ, ಕೈಗೆ ಎಣ್ಣೆ ಹಚ್ಚಿಕೊಂಡು ಕುಳಿತ. ಆ ಕಂದೀಲಿನ ಬೆಳಕಿನಲ್ಲಿ ಅವನ ಬೆರಳ ಸಂದಿನ ಗೆರೆಯೂ ಕಾಣುತ್ತಿತ್ತು. ಆಗ ಅದರ ಕಡೆ ಅವನ ಗಮನ ಹೋಗಲಿಲ್ಲ. ಒಳಗೆ ಕೈ ಹಾಕಿ, ಮಡಚಿದ ಕಾಲು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮೆಲ್ಲಗೆ ಮುಂದೆ ತಂದ. ಅವನ ಕೈಗುಣ ಒಳ್ಳೆಯದು. ಹತ್ತು ನಿಮಿಷದಲ್ಲಿ ಕರು ಹೊರಗೆ ಬಂತು.

ಹೆಣ್ಣುಗರು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಮೂಗಿನ ಲೋಳೆ ತೆಗೆದ, ಎದೆ ತಿಕ್ಕಿದ, ಹಿಂಗಾಲು ಹಿಡಿದು ತಲೆಕೆಳಗೆ ಎತ್ತಿ ಝಾಡಿಸಿದ. ಏನೂ ಆಗಲಿಲ್ಲ. ಎಮ್ಮೆ ಕತ್ತು ತಿರುಗಿಸಿ ಕರುವನ್ನು ನೆಕ್ಕತೊಡಗಿತು. ಅದಕ್ಕೇನು ಗೊತ್ತು? ನೆಕ್ಕುತ್ತಲೇ ಇತ್ತು. ಎಮ್ಮೆ ಉಳಿದದ್ದೇ ಪುಣ್ಯ.

ಫಕೀರವ್ವ ಕಂದೀಲನ್ನು ಕರುವಿನ ಹತ್ತಿರ ತಂದು ಹಿಡಿದಳು. ಆಮೇಲೆ ಕೇಳಿದಳು:

"ಜೀವ ಹೋಗಿ ಭಾಳ ಹೊತ್ತಾಗಿತ್ತೇನು ಯಪ್ಪಾ?"

ಗುರುಶಾಂತಪ್ಪ ಸುಳ್ಳು ಹೇಳಬಹುದಿತ್ತು. ಮಧ್ಯಾಹ್ನವೇ ಹೋಗಿತ್ತು ಎಂದಿದ್ದರೆ ಮುದುಕಿ ನಂಬುತ್ತಿದ್ದಳು. ಅವನು ಹೇಳಲಿಲ್ಲ. ಇದಕ್ಕಾಗಿಯೇ ಅವನನ್ನು ಒಳ್ಳೆಯ ಮನುಷ್ಯ ಎಂದದ್ದು.

"ಇಲ್ಲ ಬೇ. ಅರ್ಧ ತಾಸು ಆಗಿರ್ಬೇಕು."

"ಮತ್ತ ನೀ ಯಾಕ ತಡಾ ಮಾಡಿದಿ?"

"ದೀಪದ ಬೆಳಕು ಸಾಲಲಿಲ್ಲ ಬೇ. ದಾರಿ ಕಾಣಲಿಲ್ಲ."

ಮುದುಕಿ ಕಂದೀಲು ಎತ್ತಿಕೊಂಡು ಹೊರಗೆ ಹೋದಳು. ಗಾಡಿಯ ಮುಂದೆ ಬಗ್ಗಿ, ಕಂದೀಲನ್ನು ಹೆಡ್‌ಲೈಟಿನ ಹತ್ತಿರ ಹಿಡಿದು ನೋಡಿದಳು. ಗಾಜಿನ ಮೇಲೆ ಉಗುರಿನಿಂದ ಒಮ್ಮೆ ಕೆರೆದಳು.

"ಅಯ್ಯ ನನ್ನ ಶಿವನ! ಇದರ ಕಣ್ಣಾಗ ಇಷ್ಟು ಪಿಚ್ಚು ಕಟ್ಟೇತಲ್ಲೋ. ಬೆಳಕು ಎಲ್ಲಿಂದ ಬರ್ಬೇಕು?"

ಒಳಗೆ ಹೋಗಿ ಒಲೆಯಿಂದ ಒಂದು ಹಿಡಿ ಬೂದಿ, ಒಂದು ಹಸಿ ಅರಿವೆ ತಂದಳು. ಬೂದಿ ಹಾಕಿ ಗಾಜು ತಿಕ್ಕಲು ಶುರು ಮಾಡಿದಳು. ಗುರುಶಾಂತಪ್ಪ ಓಡಿ ಬಂದ.

"ಯವ್ವಾ, ಬ್ಯಾಡ! ಮುಟ್ಟಬ್ಯಾಡ! ಅದು ನಮ್ಮ ಅಜ್ಜಾರು ಹಚ್ಚಿದ ವಿಭೂತಿ. ಒರೆಸಬಾರದು ಅಂದಾರ!"

ಅವಳ ಕೈ ಹಿಡಿದು ನಿಲ್ಲಿಸುತ್ತಿದ್ದನೋ ಏನೋ. ಆದರೆ ಅವನ ಎರಡೂ ಕೈ ಮೊಣಕೈಯವರೆಗೆ ರಕ್ತ, ಲೋಳೆ. ಆ ಸತ್ತ ಕರುವಿನದು. ಆ ಕೈಯಿಂದ ಯಾರನ್ನು ತಡೆಯುವುದು? ಹಾಗೇ ನಿಂತ.

ಮುದುಕಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ತಿಕ್ಕುತ್ತಲೇ ಅಂದಳು:

"ನಾನೂ ಅಜ್ಜಾರಿಗೆ ನಡಕೊಂಡಾಕೀನ ಯಪ್ಪಾ. ಹಣೀಗೆ ಹಚ್ಚಿದ್ದು ಇಟ್ಕೋಬೇಕು, ಖರೆ. ಗಾಜಿಗೆ ಬೂದಿ ಹಚ್ಚೋದು ತಿಕ್ಕಿ ಒರೆಸಾಕ. ಐವತ್ತು ವರ್ಷಾತು, ದಿನಾ ಸಂಜೀಕ ಈ ಕಂದೀಲಿನ ಗಾಜು ಬೂದಿ ಹಚ್ಚಿ ತಿಕ್ಕತೀನಿ. ಹಚ್ಚಿ ಹಂಗ ಬಿಟ್ಟಿದ್ರ ನನ್ನ ಮನ್ಯಾಗ ಬೆಳಕು ಇರ್ತಿತ್ತೇನು?"

ಅರಿವೆಯಿಂದ ಒರೆಸಿದಳು. ಇನ್ನೊಮ್ಮೆ ಬೂದಿ ಹಾಕಿದಳು. ಇನ್ನೊಮ್ಮೆ ಒರೆಸಿದಳು. ಅರಿವೆ ಕಪ್ಪಾಯಿತು, ಕೆಂಪಾಯಿತು.

"ಈಗ ಹಚ್ಚು ನೋಡೋಣ."

ಗುರುಶಾಂತಪ್ಪ ಕೈ ತೊಳೆದುಕೊಂಡು ಬಂದು ಗಾಡಿ ಚಾಲೂ ಮಾಡಿದ. ಬೆಳಕು ಓಣಿಯ ಕೊನೆಯವರೆಗೆ ಹೋಯಿತು. ಕೊನೆಯ ಮನೆಯ ಕಟ್ಟೆ, ಕಟ್ಟೆಯ ಮೇಲೆ ಬಿಟ್ಟ ಒಂದು ಜೊತೆ ಚಪ್ಪಲಿ, ಅದರ ಆಚೆ ಅವನು ಬಂದ ದಾರಿ, ಎಲ್ಲ ಕಂಡಿತು. ಅವನು ಗಾಡಿಯ ಮೇಲೆ ಕುಳಿತೇ ಅತ್ತುಬಿಟ್ಟ.

ಫಕೀರವ್ವ ಅವನ ಬೆನ್ನಿಗೆ ಕೈ ಹಾಕಿದಳು. ಕರು ಕಳೆದುಕೊಂಡವಳು ಅವಳು, ಸಮಾಧಾನ ಮಾಡಿದವಳೂ ಅವಳೇ. "ನನ್ನದು ಹೋತು, ಹೋಗ್ಲಿ. ಇನ್ನ ಮುಂದ ಯಾರರ ಕರದಾಗ ಲಗೂನ ಮುಟ್ಟು" ಎಂದಳು. ಆಮೇಲೆ ಒಳಗೆ ಹೋಗಿ ಎಮ್ಮೆಯ ಹತ್ತಿರ ಕುಳಿತಳು.

ಇದು ನನಗೆ ಹೇಗೆ ಗೊತ್ತು? ಮರುದಿನ ಬೆಳಿಗ್ಗೆ ಗುರುಶಾಂತಪ್ಪ ಮಠಕ್ಕೆ ಬಂದ. ಸ್ವಾಮಿಗಳ ಮುಂದೆ ನಿಂತು, ಇದ್ದದ್ದು ಇದ್ದಂತೆ ಎಲ್ಲ ಹೇಳಿ, ಕಡೆಗೆ ಕೇಳಿದ: "ಅಜ್ಜಾರ, ನೀವು ಹಚ್ಚಿದ ವಿಭೂತಿ ಅಳಿಸಿ ಹೋತು. ನನ್ನ ತಪ್ಪಿಗೆ ಏನು ಪ್ರಾಯಶ್ಚಿತ್ತರಿ?"

ನೋಡಿ ಅವನ ಭಕ್ತಿ! ಕರು ಸತ್ತದ್ದಕ್ಕೆ ಅಳುತ್ತಿದ್ದಾನೆ, ಪ್ರಾಯಶ್ಚಿತ್ತ ಕೇಳುವುದು ವಿಭೂತಿ ಅಳಿಸಿದ್ದಕ್ಕೆ.

ಸ್ವಾಮಿಗಳು ಏನು ಉತ್ತರ ಕೊಟ್ಟರು? ಕೊಡಲಿಲ್ಲ. ಇಷ್ಟು ಹೊತ್ತು ಕಥೆ ಕೇಳಿದಿರಿ, ಆ ಸ್ವಾಮಿ ಯಾರು ಎಂದು ನೀವು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಈ ಮೂರು ಬೆರಳು ನೋಡಿ. ಇವೇ ಆ ಬೆರಳು. ಒರೆಸಬಾರದು ಎಂದವನು ನಾನು.

ಯಾಕೆ ಹಾಗೆ ಅಂದೆ? ಶಾಸ್ತ್ರದಲ್ಲಿದೆಯೇ? ಎಲ್ಲಿಯೂ ಇಲ್ಲ. ಅಂದು ಇನ್ನೂ ನಲವತ್ತು ಗಾಡಿ ಸಾಲಿನಲ್ಲಿದ್ದವು. ಬಿಸಿಲು ಏರಿತ್ತು, ನನಗೆ ಹಸಿವಾಗಿತ್ತು. ಅವನು ಕೇಳಿದ, ನಾನು ಬಾಯಿಗೆ ಬಂದದ್ದು ಅಂದೆ. ಅಂದು ಐದು ಹೆಜ್ಜೆ ನಡೆಯುವಷ್ಟರಲ್ಲಿ ಮರೆತೂ ಬಿಟ್ಟೆ. ಅವನು ಐದು ವರ್ಷ ಮರೆಯಲಿಲ್ಲ. ಆ ಕರುವಿನ ಲೆಕ್ಕ ಗುರುಶಾಂತಪ್ಪನ ಹೆಸರಿನಲ್ಲಿ ಇಲ್ಲ, ನನ್ನ ಹೆಸರಿನಲ್ಲಿ ಇದೆ.

ಆಮೇಲೆ ನಾನು ಮಕ್ತುಂಸಾಬನ ಶೆಡ್ಡಿಗೂ ಹೋದೆ. "ನಿನಗೆ ಮೊದಲೇ ಗೊತ್ತಿತ್ತೇನಪ್ಪಾ?" ಎಂದು ಕೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ.

"ಮೊದಲನೇ ಸಲಾನ ಗೊತ್ತಿತ್ರಿ ಅಜ್ಜಾರ. ನಿಮ್ಮ ವಿಭೂತಿ ನಾ ಒರೆಸಿದ್ರ ಊರಾಗ ಏನಂತಿದ್ರು, ನೀವ ಹೇಳ್ರಿ."

ಹೇಳಿ. ಏನನ್ನುತ್ತಿದ್ದಿರಿ? ಯಾಕೆ ಈಗ ತಲೆ ಆಡುತ್ತಿಲ್ಲ? ಬಲ್ಲವನು ಬಾಯಿ ಮುಚ್ಚಿಕೊಂಡು ಕೂರುವಂಥ ಊರನ್ನು ಅವನು ಕಟ್ಟಿದ್ದಲ್ಲ, ನಾವು ಕಟ್ಟಿದ್ದು.

ಈಗ ಕೇಳಿ, ನೀವು ಮಾಡಬೇಕಾದದ್ದು. ದೊಡ್ಡದೇನಲ್ಲ. ವಿಭೂತಿ ನಿಮ್ಮ ಹಣೆಗಿರಲಿ. ಗಾಡಿಗೂ ಬೇಕೆಂದರೆ ಟ್ಯಾಂಕಿಗೆ ಹಚ್ಚಿ, ಮುಂದಿನ ಮಡ್‌ಗಾರ್ಡಿಗೆ ಹಚ್ಚಿ. ಗಾಜಿಗೆ ಬೇಡ. ಬರುವ ಆಯುಧ ಪೂಜೆಯಿಂದ ನಾನೂ ಹಚ್ಚುವುದಿಲ್ಲ. ಸಂಜೆ ಗಾಡಿ ತೆಗೆಯುವ ಮೊದಲು ಹೆಡ್‌ಲೈಟಿನ ಗಾಜು ಒಮ್ಮೆ ಒರೆಸಿ. ಹಿಂದಿನ ಕೆಂಪು ದೀಪವನ್ನೂ ಒರೆಸಿ, ನಿಮ್ಮ ಹಿಂದೆ ಬರುವವನಿಗೂ ಮನೆ ಇದೆ. ಬೆಳಕು ಕಡಿಮೆ ಎನ್ನಿಸಿದರೆ ದೊಡ್ಡ ಬಲ್ಬಿಗೆ ಓಡಬೇಡಿ. ಮೊದಲು ಗಾಜು, ಆಮೇಲೆ ವಾಯರು, ಕಡೆಗೆ ಬಲ್ಬು. ಗುರುಶಾಂತಪ್ಪ ಈಗ ಹಳೆಯ ಮೂವತ್ತೈದು ವ್ಯಾಟಿನ ಬಲ್ಬೇ ಹಾಕಿಸಿಕೊಂಡಿದ್ದಾನೆ. ಎದುರು ಗಾಡಿ ಬಂದರೆ ಡಿಪ್ಪು ಮಾಡುತ್ತಾನೆ. ಬೇಕಾದಷ್ಟು ಕಾಣುತ್ತದಂತೆ. ಮತ್ತೆ, ನಿಮಗಿಂತ ಬಲ್ಲವನೊಬ್ಬ ಗಾಜು ನೋಡು ಎಂದರೆ, ಅವನು ಯಾರ ಪೈಕಿ ಎಂದು ನೋಡಬೇಡಿ. ಗಾಜು ನೋಡಿ.

ಮತ್ತೊಂದು ಮಾತು, ಇದು ಗಾಡಿ ಇಲ್ಲದ ತಾಯಂದಿರಿಗೂ ಸೇರಿ. ನಾನು ಈ ಪೀಠದ ಮೇಲೆ ಕುಳಿತು ಹೇಳಿದ ಮಾತನ್ನೂ ಹಚ್ಚಿಕೊಂಡು ಹಾಗೇ ಬಿಡಬೇಡಿ. ತಿಕ್ಕಿ ನೋಡಿ. ನನಗೂ ಹಸಿವಾಗುತ್ತದೆ, ನಾನೂ ಬಾಯಿಗೆ ಬಂದದ್ದು ಆಡುತ್ತೇನೆ. ಇನ್ನು ಮೇಲೆ ನನ್ನ ಮಾತಿನಿಂದ ದಾರಿ ಕಾಣದಂತಾದರೆ, ಐದು ವರ್ಷ ಕಾಯದೆ ಮರುದಿನವೇ ಬಂದು ಹೇಳಿ.

ಬಾಗಿಲ ಹತ್ತಿರ ಎರಡು ಬಕೆಟ್ ನೀರು, ಒಂದು ಬುಟ್ಟಿ ಬೂದಿ, ಹಳೆಯ ಅರಿವೆ ಇಡಿಸಿದ್ದೇನೆ. ಮಂಗಳಾರತಿ ಇವತ್ತು ಆಮೇಲೆ. ಹೊರಗೆ ಕತ್ತಲಾಗಿದೆ, ನಿಮ್ಮಲ್ಲಿ ಅರ್ಧ ಜನ ಪರವೂರಿಗೆ ಹೋಗಬೇಕಾದವರು. ನೀವು ಬೇಗ ಬರಲೆಂದು ಎಲ್ಲೋ ಯಾರೋ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದಾರೆ. ಏಳಿ. ಹಚ್ಚಿದ ಕೈ ನನ್ನದು, ಮೊದಲನೆಯ ಗಾಜು ನಾನು ಒರೆಸುತ್ತೇನೆ.